ನಿದ್ದೆಗೆ ಬಿದ್ದ ಪೆಟ್ಟಿಗೆ

ಅಕ್ಕ ತಯಾರಿಸುತ್ತಿದ್ದ ಡಬ್ಬಿಗಳು ಹಗಲೂ ರಾತ್ರಿ ನಿದ್ದೆ ಹೊಡೆಯುತ್ತಿದ್ದವು. ಗಿರಾಕಿಗಳು ಆ ನಿದ್ದೆಗಾಗಿಯೇ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಪಂಪು, ಜನರೇಟರು, ಗ್ಯಾಸ್ ಸಿಲಿಂಡರು, ಬಾಡಿಗೆಗೆ ಓಡಾಡುವ ವೆಲ್ಡಿಂಗ್ ಯಂತ್ರ, ಹೀಗೆ ಕಾರ್ಖಾನೆಗಳ ದುಬಾರಿ ಸಾಮಾನು ಯಾವ ಮೂಲೆಯಲ್ಲಿದೆ ಎಂದು ಮಾಲೀಕರಿಗೆ ಕೂತಲ್ಲೇ ತಿಳಿಸುವ ಟ್ರ್ಯಾಕರುಗಳು ಅವು. ಅಂಗಡಿಯಲ್ಲಿ ಸಿಗುವ ಟ್ರ್ಯಾಕರಿಗೆ ಮೇಲಿಂದ ಮೇಲೆ ಚಾರ್ಜ್ ಹಾಕಬೇಕು. ಎಣ್ಣೆ ಮೆತ್ತಿದ ಪಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಚಾರ್ಜ್ ಹಾಕುವವರು ಯಾರು? ಅಕ್ಕನ ಡಬ್ಬಿಗೆ ಆ ಗೊಡವೆಯಿಲ್ಲ. ಸಾಮಾನು ಅಲುಗಾಡಿದರೆ ಅದು ಕಣ್ಣು ಬಿಡುತ್ತದೆ, ತಾನಿರುವ ಜಾಗವನ್ನು ಒಂದೇ ಒಂದು ಸಂದೇಶದಲ್ಲಿ ಹೇಳಿ ಮತ್ತೆ ಮಗ್ಗುಲಾಗುತ್ತದೆ. ಹಾಗಾಗಿ ಹೆಬ್ಬೆರಳಿನಷ್ಟು ದಪ್ಪದ ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ. ಒಬ್ಬೊಬ್ಬ ಗಿರಾಕಿಯ ಸಾಮಾನಿಗೂ ಅದರದೇ ಅಳತೆಯ ಡಬ್ಬಿ, ಅದರದೇ ನಿದ್ದೆಯ ಲೆಕ್ಕ.

ಅವಳ ಕೋಣೆ ಇದ್ದದ್ದು ಸೋದರಮಾವನ ಶೆಡ್ಡಿನ ಅಟ್ಟದ ಮೇಲೆ. ಮಾವ ಕೆಳಗೆ ಅಚ್ಚು ಕೊರೆದು ಪ್ಲಾಸ್ಟಿಕ್ ಡಬ್ಬಿಗಳನ್ನು ಒತ್ತುತ್ತಿದ್ದರು, ಅವಳು ಮೇಲೆ ಕೂತು ಅವುಗಳ ಹೊಟ್ಟೆ ತುಂಬುತ್ತಿದ್ದಳು. ಪೇಟೆಯವರಿಗೆಲ್ಲ ಅವರು ಡಬ್ಬಿ ಮಾವ. ಇಷ್ಟು ಚೆನ್ನಾಗಿ ಮಲಗೋದು ನಿಮ್ಮಪ್ಪ ಒಬ್ಬರಿಗೇ ಗೊತ್ತಿತ್ತು ಅಂದುಕೊಂಡಿದ್ದೆ ಎಂದು ಮಾವ ಆಗಾಗ ಭಾವನ ಕಾಲೆಳೆಯುತ್ತಿದ್ದರು. ಅಕ್ಕ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ನಿದ್ದೆಯ ವಿಷಯದಲ್ಲಿ ಅವಳಿಗೆ ತಮಾಷೆ ಇರಲಿಲ್ಲ. ಎಲ್ಲಿ ಕರೆಂಟು ಹನಿಹನಿಯಾಗಿ ಸೋರುತ್ತಿದೆ ಎಂದು ಮೀಟರು ಹಿಡಿದು ವಾರಗಟ್ಟಲೆ ಕೂರುವ ಹಟ ಅವಳದು.

ಅವಳ ತಮ್ಮನ ಕೆಲಸ ಬೇರೆ. ದೊಡ್ಡ ದೊಡ್ಡ ಕೊಳವೆಗಳ ಬೆಸುಗೆ ಒಳಗಿನಿಂದ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಕಂಪನಿಯಲ್ಲಿ ಅವನಿದ್ದ. ಆಸ್ಪತ್ರೆಯಲ್ಲಿ ಮೂಳೆಯ ಎಕ್ಸ್‌ರೇ ತೆಗೆಯುವ ಹಾಗೆ ಇವರು ಕಬ್ಬಿಣದ ಎಕ್ಸ್‌ರೇ ತೆಗೆಯುತ್ತಾರೆ. ಅದಕ್ಕೆ ಬೇಕಾದ ವಿಕಿರಣ ಒಂದು ಹಳದಿ ಪೆಟ್ಟಿಗೆಯೊಳಗೆ ಇರುತ್ತದೆ. ಕಾಳುಮೆಣಸಿನಷ್ಟು ಸಣ್ಣ ಲೋಹದ ಚೂರು, ಅದರ ಸುತ್ತ ವಿಕಿರಣ ತಡೆಯುವ ಭಾರದ ಲೋಹದ ಗೋಡೆ, ಮೇಲೊಂದು ಬೀಗ. ಬೀಗ ಹಾಕಿದ್ದಾಗ ಪೆಟ್ಟಿಗೆಯ ಪಕ್ಕ ನಿಂತರೂ ಏನೂ ಆಗುವುದಿಲ್ಲ. ಆ ಚೂರು ಹೊರಗೆ ಬಂದು ಯಾರಾದರೂ ಅದನ್ನು ಜೇಬಿಗೆ ಹಾಕಿಕೊಂಡರೆ ಅವರು ಉಳಿಯುವುದು ಕಷ್ಟ. ಬೇರೆ ದೇಶವೊಂದರಲ್ಲಿ ಅಂಥ ಚೂರು ಗುಜರಿಗೆ ಸೇರಿ ಒಂದಿಡೀ ಮನೆಯವರು ಕಾಯಿಲೆ ಬಿದ್ದದ್ದನ್ನು ತರಬೇತಿಯಲ್ಲಿ ಹೇಳಿದ್ದರೆಂದು ತಮ್ಮ ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿ, ಅಮ್ಮನ ಕೈಲಿ ಬೈಸಿಕೊಂಡಿದ್ದ.

ಆ ಪೆಟ್ಟಿಗೆಗಳಿಗೆ ಟ್ರ್ಯಾಕರು ಬೇಕೆಂದು ಕಂಪನಿಯವರಿಗೆ ಅನ್ನಿಸಿದಾಗ ಅಕ್ಕನ ಹೆಸರು ಹೇಳಿದವನು ತಮ್ಮನೇ. ಪೆಟ್ಟಿಗೆಯ ಮುಚ್ಚಳ ಬಿಚ್ಚಬೇಕೆಂದರೆ ಪ್ರತಿ ಸಲವೂ ಮೇಲಿನವರ ಅನುಮತಿ ಬೇಕಿತ್ತು. ಆದ್ದರಿಂದ ಒಂದು ಸಲ ಕೂರಿಸಿದ ಬ್ಯಾಟರಿ ಐದು ವರ್ಷ ಬರಲೇಬೇಕು ಎಂದರು. ಅಕ್ಕ ನಿದ್ದೆಯನ್ನು ಇನ್ನಷ್ಟು ಬಿಗಿ ಮಾಡಿದಳು. ಗಾಡಿ ಹೊರಟಾಗ ಒಂದು ಸಂದೇಶ, ಗಾಡಿ ನಿಂತು ಸ್ವಲ್ಪ ಹೊತ್ತು ಅಲುಗಾಡದೆ ಇದ್ದ ಮೇಲೆ ಇನ್ನೊಂದು, ಎಲ್ಲೂ ಹೋಗದೆ ಕೂತಿದ್ದರೆ ದಿನಕ್ಕೊಮ್ಮೆ ನಾನಿದ್ದೇನೆ ಎಂಬ ಸುದ್ದಿ, ಅಷ್ಟೇ. ದಾರಿಯುದ್ದಕ್ಕೂ ಕುಲುಕುವ ಗಾಡಿಯಲ್ಲಿ ಪ್ರತಿ ಕುಲುಕಿಗೂ ಎಚ್ಚರವಾದರೆ ಬ್ಯಾಟರಿ ಗತಿಯೇನು? ಕಂಪನಿಯವರು ಒಪ್ಪಿದರು, ಸಹಿ ಹಾಕಿದರು, ಡಬ್ಬಿಗಳು ಪೆಟ್ಟಿಗೆಗಳೊಳಗೆ ಕೂತವು. ಒಂದು ವರ್ಷಕ್ಕೂ ಹೆಚ್ಚು ಕಾಲ ಯಾವ ತಕರಾರೂ ಬರಲಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ತಮ್ಮನ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದ.

"ಅಕ್ಕಾ, ನಮ್ಮ ಪೆಟ್ಟಿಗೆ ಎಲ್ಲಿ ತೋರಿಸ್ತಿದೆ, ಸ್ವಲ್ಪ ನೋಡ್ತೀಯಾ?"

ಸುಮ್ಮನೆ ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡು ಅವಳು ಪರದೆ ನೋಡಿದಳು. ಕಂಪನಿಯ ಅಂಗಳದಿಂದ ಹೊರಟ ಸಂದೇಶ ಇತ್ತು. ಆಮೇಲೆ ನಿಂತ ಸಂದೇಶವೂ ಬಂದಿತ್ತು, ಆದರೆ ಅದರಲ್ಲಿ ಜಾಗ ಇರಲಿಲ್ಲ. ತಗಡಿನ ಕೆಳಗೋ ಗೋಡೆಗಳ ನಡುವೆಯೋ ಇದ್ದರೆ ಡಬ್ಬಿಗೆ ಆಕಾಶ ಕಾಣುವುದಿಲ್ಲ, ಆಗ ಹತ್ತಿರದ ಮೊಬೈಲ್ ಟವರಿನ ಗುರುತನ್ನಷ್ಟೇ ಕಳಿಸುತ್ತದೆ. ಟವರು ಇದ್ದದ್ದು ಗುಜರಿ ಪೇಟೆಯಲ್ಲಿ.

"ನಿನ್ನ ಹತ್ರಾನೇ ಇರ್ಬೇಕಲ್ಲೋ, ನನ್ನ ಯಾಕೆ ಕೇಳ್ತೀಯ?" ಎಂದಳು.

ಅಲ್ಲಿಗೇ ಬರ್ತೀನಿ ಎಂದಷ್ಟೇ ಹೇಳಿ ತಮ್ಮ ಫೋನ್ ಇಟ್ಟ.

ತಮ್ಮ ಅರ್ಧ ಗಂಟೆಯೊಳಗೆ ಅಟ್ಟದ ಮೆಟ್ಟಿಲು ಹತ್ತಿ ಬಂದ. ಆಗಿದ್ದನ್ನೆಲ್ಲ ನಿಂತುಕೊಂಡೇ ಹೇಳಿದ. ಅವನು ಮತ್ತು ಚಾಲಕ ದಾರಿಯಲ್ಲಿ ಚಹಾಕ್ಕೆ ಇಳಿದಿದ್ದರು. ಇಬ್ಬರಲ್ಲಿ ಒಬ್ಬರು ಗಾಡಿಯ ಹತ್ತಿರ ಇರಲೇಬೇಕು ಎಂಬುದು ನಿಯಮ. ಹೊರಗೆ ಮೈ ಕೊರೆಯುವ ಚಳಿ, ಒಳಗೆ ಒಲೆ ಉರಿಯುತ್ತಿತ್ತು, ಗಾಡಿಯ ಮುಂಭಾಗ ಕಿಟಕಿಯಿಂದ ಕಾಣುತ್ತಿತ್ತು. ಇಬ್ಬರೂ ಒಳಗೆ ಹೋದರು. ಲೋಟ ಖಾಲಿ ಮಾಡಿ ಬರುವಷ್ಟರಲ್ಲಿ ಗಾಡಿಯ ಹಿಂಬಾಗಿಲಿನ ಬೀಗವನ್ನು ಯಾರೋ ಕತ್ತರಿಸಿದ್ದರು, ಪೆಟ್ಟಿಗೆಗೆ ಸುತ್ತಿದ್ದ ಸರಪಳಿ ಕೆಳಗೆ ಬಿದ್ದಿತ್ತು. ಗಂಟೆ ಹೊತ್ತು ಹುಡುಕಿ ಸೋತು, ಚಾಲಕನನ್ನು ಅಲ್ಲೇ ಸುತ್ತಮುತ್ತ ವಿಚಾರಿಸಲು ಬಿಟ್ಟು ತಾನು ಇಲ್ಲಿಗೆ ಓಡಿಬಂದಿದ್ದ.

ಅಕ್ಕನಿಗೆ ಡಬ್ಬಿ ಏನು ಮಾಡಿತೆಂಬುದು ತಕ್ಷಣ ಹೊಳೆಯಿತು. ಗಾಡಿ ನಿಂತಿತು ಎಂದು ಅದು ಖಚಿತ ಮಾಡಿಕೊಳ್ಳುವ ಮೊದಲೇ ಕಳ್ಳರು ಪೆಟ್ಟಿಗೆಯನ್ನು ಇನ್ನೊಂದು ಗಾಡಿಗೆ ಹಾಕಿಕೊಂಡಿದ್ದರು. ಡಬ್ಬಿಯ ಪಾಲಿಗೆ ಅದೆಲ್ಲ ಒಂದೇ ಪ್ರಯಾಣ. ಕಳ್ಳರು ಇಳಿಸಿದಲ್ಲಿ ಅದು ವಿಧೇಯವಾಗಿ ನಿಂತೆ ಎಂದು ಹೇಳಿ ಮಲಗಿಬಿಟ್ಟಿತ್ತು. ಇನ್ನು ಯಾರಾದರೂ ಪೆಟ್ಟಿಗೆಯನ್ನು ಎತ್ತಿದರೆ ಏಳುತ್ತದೆ, ಇಲ್ಲವಾದರೆ ನಾಳೆ ಬೆಳಿಗ್ಗೆಯೇ.

"ಆಫೀಸಿಗೆ ಹೇಳಿದ್ಯಾ?"

"ಇಲ್ಲ." ತಮ್ಮ ಬೆಂಚಿನ ಅಂಚು ಹಿಡಿದುಕೊಂಡ. "ಹೇಳಿದ್ರೆ ಈ ಕೆಲಸ ಮಾಡೋ ನನ್ನ ಲೈಸೆನ್ಸ್ ಹೋಯ್ತು ಅಂತಾನೇ. ಅಕ್ಕಾ, ಅದು ಇನ್ನೊಂದು ಸಲ ಎದ್ದು ಮಾತಾಡೋ ತನಕ ಕಾಯೋಣ. ಗುಜರಿ ಪೇಟೆ ಅಂತ ಗೊತ್ತಾಯ್ತಲ್ಲ. ನಾನೇ ಹೋಗಿ, ದುಡ್ಡು ಕೊಟ್ಟಾದ್ರೂ ಬಿಡಿಸ್ಕೊಂಡು ಬರ್ತೀನಿ."

"ಅಷ್ಟರೊಳಗೆ ಯಾರಾದ್ರೂ ಒಡೆದ್ರೆ?"

ಒಡೆದರೆ ಏನಾಗುತ್ತದೆ ಎಂಬುದು ಆ ಕೋಣೆಯಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಭಾರದ ಲೋಹ ಕಂಡ ಗುಜರಿಯವನು ಮೊದಲು ಹುಡುಕುವುದು ಸುತ್ತಿಗೆಯನ್ನು. ಬೀಗ ಜಗ್ಗದಿದ್ದರೆ ಪೆಟ್ಟಿಗೆಯನ್ನು ಹಾಗೆಯೇ ಲಾರಿಗೆ ತುಂಬಿ ಕುಲುಮೆಗೆ ಕಳಿಸುತ್ತಾನೆ. ತಮ್ಮ ಹೆದರಿದ್ದು ಲೈಸೆನ್ಸ್ ಹೋಗುವುದಕ್ಕೋ ಇದಕ್ಕೋ, ಅಕ್ಕನಿಗೆ ತಿಳಿಯಲಿಲ್ಲ. ಬಹುಶಃ ಅವನಿಗೂ ತಿಳಿದಿರಲಿಲ್ಲ.

ಅವಳು ಫೋನ್ ಕೈಗೆತ್ತಿಕೊಂಡಳು. ಕಂಪನಿಯ ವಿಕಿರಣ ಸುರಕ್ಷತೆಯ ಅಧಿಕಾರಿಯ ನಂಬರು ಅವಳ ಹತ್ತಿರವೂ ಇತ್ತು, ಡಬ್ಬಿ ಕೂರಿಸುವಾಗ ಅವರೇ ಕೊಟ್ಟಿದ್ದರು.

ತಮ್ಮ ಅವಳ ಮಣಿಕಟ್ಟು ಹಿಡಿದ. ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಹಿಡಿಯುತ್ತಿದ್ದಷ್ಟೇ ಬಿಗಿಯಾಗಿ. "ನೀನೇ ಮಾಡಿದ ಯಂತ್ರ. ಅದರ ಮೇಲೆ ನಿನಗೇ ನಂಬಿಕೆ ಇಲ್ವಾ?"

ಎಂಥ ಜಾಗದಲ್ಲಿ ಚುಚ್ಚಬೇಕೆಂದು ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅಕ್ಕ ಒಂದು ಗಳಿಗೆ ಪರದೆಯನ್ನು ನೋಡಿದಳು. ಚಳಿಗೆ ಬ್ಯಾಟರಿಯ ಕಸುವು ತಗ್ಗುತ್ತದೆ. ಸುತ್ತಲೂ ಕಬ್ಬಿಣ ಪೇರಿಸಿದ್ದರೆ ಸಂದೇಶ ಹೊರಗೆ ಬರುವುದೇ ಇಲ್ಲ. ಸುತ್ತಿಗೆಯ ಪೆಟ್ಟು ಡಬ್ಬಿಯ ಮೇಲೆಯೇ ಬಿದ್ದರೆ ಎಲ್ಲ ಅಲ್ಲಿಗೇ ಮುಗಿಯಿತು. ಇವನ್ನೆಲ್ಲ ಅವಳು ಒಂದೊಂದಾಗಿ ಬಲ್ಲಳು, ಬೇರೆಯವರಿಗೆ ಮಾರುವಾಗ ಇಷ್ಟು ಬಿಡಿಸಿ ಹೇಳಿರಲಿಲ್ಲ ಅಷ್ಟೇ.

"ಎದ್ದೇ ಏಳುತ್ತೆ ಅಂತ ನಾನು ಹೇಳಲಾರೆ ಕಣೋ," ಎಂದಳು. "ಕೈ ಬಿಡು."

ಅವನು ಬಿಟ್ಟ. ಅವಳು ಮಾತಾಡುತ್ತಿದ್ದಷ್ಟು ಹೊತ್ತು ಮೆಟ್ಟಿಲ ಮೇಲೆ ಹೋಗಿ ಬೆನ್ನು ತಿರುಗಿಸಿ ಕೂತ.

ಅಧಿಕಾರಿ ನಡುವಯಸ್ಸಿನ ಹೆಂಗಸು. ಅವರು ಬೈಯಲೂ ಇಲ್ಲ, ಗಾಬರಿಯನ್ನು ತೋರಿಸಲೂ ಇಲ್ಲ. ಯಾವ ಪೆಟ್ಟಿಗೆ, ಬೀಗದ ಕೈ ಯಾರ ಹತ್ತಿರ ಇದೆ, ಕೊನೆಯ ಸುದ್ದಿ ಎಲ್ಲಿಂದ, ಇಷ್ಟನ್ನೇ ಕೇಳಿದರು. ಬೀಗದ ಕೈ ತಮ್ಮನ ಜೇಬಿನಲ್ಲೇ ಇದೆ ಎಂದಾಗ ಮಾತ್ರ ಅವರು ಉಸಿರು ಬಿಟ್ಟದ್ದು ಕೇಳಿಸಿತು. ಪೊಲೀಸರಿಗೆ ಹೇಳಿ ತಾವೂ ಜನರನ್ನು ಕರೆದುಕೊಂಡು ಗುಜರಿ ಪೇಟೆಗೆ ಹೊರಡುವುದಾಗಿ ತಿಳಿಸಿದರು. ಆದರೆ ಅವರ ಮೀಟರುಗಳಿಂದ ದೊಡ್ಡ ಪ್ರಯೋಜನವಾಗಲಾರದು ಎಂಬುದನ್ನೂ ಮುಚ್ಚಿಡಲಿಲ್ಲ. ಪೆಟ್ಟಿಗೆ ಸರಿಯಾಗಿ ಮುಚ್ಚಿದ್ದರೆ ವಿಕಿರಣ ಹೊರಗೆ ಬರುವುದಿಲ್ಲ, ನಾಲ್ಕು ಹೆಜ್ಜೆ ಆಚೆಯಿಂದ ಅದನ್ನು ಪತ್ತೆ ಹಚ್ಚುವುದೂ ಕಷ್ಟ. ಮೀಟರು ದೂರದಿಂದಲೇ ಕೂಗಿತೆಂದರೆ ಆಗಲೇ ಕೆಡುಕು ಆಗಿಹೋಗಿದೆ ಎಂದು ಅರ್ಥ.

"ನಿಮ್ಮ ಡಬ್ಬಿ ನಮಗೆ ಏನು ಸಹಾಯ ಮಾಡಬಹುದು, ಅದನ್ನ ಯೋಚನೆ ಮಾಡಿ," ಎಂದು ಹೇಳಿ ಫೋನ್ ಇಟ್ಟರು.

ಡಬ್ಬಿಗೆ ಕೂಗುವ ಶಕ್ತಿ ಇತ್ತು. ಗೋದಾಮಿನಲ್ಲಿ ನೂರಾರು ಸಾಮಾನುಗಳ ನಡುವೆ ಒಂದನ್ನು ಹುಡುಕಲೆಂದು ಅಕ್ಕ ಹಾಗೆ ಮಾಡಿದ್ದಳು. ಆದೇಶ ಸಿಕ್ಕರೆ ಅದು ಬಿಡದೆ ರೇಡಿಯೋ ಕೂಗು ಹಾಕುತ್ತದೆ. ಕಿವಿಗೆ ಕೇಳುವುದಿಲ್ಲ, ಆದರೆ ಕೈಯಲ್ಲಿ ಹಿಡಿದ ರಿಸೀವರಿನಲ್ಲಿ ಟಿಕ್ ಟಿಕ್ ಎನ್ನುತ್ತದೆ, ಹತ್ತಿರವಾದಷ್ಟೂ ಜೋರಾಗುತ್ತದೆ. ತೊಡಕಿದ್ದದ್ದು ಆದೇಶ ಮುಟ್ಟಿಸುವುದರಲ್ಲಿ. ಮಲಗಿದ ಡಬ್ಬಿಗೆ ಏನೂ ಕೇಳಿಸದು. ಅದು ತಾನಾಗಿ ಎದ್ದು ಸಂದೇಶ ಕಳಿಸಿದ ಮೇಲೆ ಒಂದು ಕ್ಷಣ ಕಿವಿ ತೆರೆದಿಟ್ಟಿರುತ್ತದೆ, ಆಗ ಕಾದು ಕೂತಿದ್ದ ಆದೇಶ ಒಳಗೆ ಹೋಗಬೇಕು. ಸಿಗುವುದು ಆ ಒಂದೇ ಅವಕಾಶ. ಅಕ್ಕ ಆದೇಶವನ್ನು ಬರೆದು ಆ ಕ್ಷಣಕ್ಕೆ ಕಾದಿರಿಸಿದಳು.

ಆಮೇಲೆ ಆ ಡಬ್ಬಿಯ ಜೊತೆಯಲ್ಲೇ ತಯಾರಾದ ಇನ್ನೊಂದು ಹಳೆಯ ಡಬ್ಬಿಯನ್ನು ಕಪಾಟಿನಿಂದ ತೆಗೆದಳು. ಹೊರಗಿನ ಚಳಿಯಲ್ಲಿ ಬ್ಯಾಟರಿ ಹೇಗೆ ನಡೆದುಕೊಳ್ಳುತ್ತದೆ ನೋಡಬೇಕಿತ್ತು. ಮಾವ ಕೆಳಗಿನ ಫ್ರಿಜ್ಜನ್ನು ಖಾಲಿ ಮಾಡಿಕೊಟ್ಟರು. ಡಬ್ಬಿ ಚೆನ್ನಾಗಿ ತಣ್ಣಗಾದ ಮೇಲೆ ಅವಳು ಅದನ್ನು ಅಲುಗಾಡಿಸಿ ಎಬ್ಬಿಸಿ ಆದೇಶ ಕಳಿಸಿದಳು. ರಿಸೀವರು ಟಿಕ್ ಎಂದಿತು, ಇನ್ನೊಮ್ಮೆ ಟಿಕ್ ಎಂದಿತು, ಆಮೇಲೆ ಸುಮ್ಮನಾಯಿತು. ಹಳೆಯ ಬ್ಯಾಟರಿ ಒಂದೇ ಸಮನೆ ಕೂಗುವ ಭಾರ ತಾಳಲಾರದೆ ಕುಸಿದಿತ್ತು. ಡಬ್ಬಿ ಮೊದಲಿನಿಂದ ಶುರುವಾಗಿ, ಆದೇಶವನ್ನೇ ಮರೆತು, ಮತ್ತೆ ನಿದ್ದೆಗೆ ಹೋಗಿತ್ತು.

ಈ ಆದೇಶವೇ ಈಗ ಆ ಪೆಟ್ಟಿಗೆಗಾಗಿ ಕಾದು ಕೂತಿತ್ತು. ಇಷ್ಟರಲ್ಲಿ ಅದು ಎದ್ದಿದ್ದರೆ? ಓಡಿಹೋಗಿ ಪರದೆ ನೋಡಿದಳು. ಎದ್ದಿರಲಿಲ್ಲ. ಆದೇಶವನ್ನು ಹಿಂದಕ್ಕೆ ತೆಗೆದಳು. ತೆಗೆದ ಮೇಲೆ ಇನ್ನೊಂದು ದಿಗಿಲು ಹುಟ್ಟಿತು, ಈಗ ಎದ್ದರೆ ಅದಕ್ಕೆ ಕೊಡಲು ಏನೂ ಇಲ್ಲವಲ್ಲ.

ಉಳಿದಿದ್ದ ದಾರಿ ಒಂದೇ. ಕೂಗನ್ನು ಮೆಲ್ಲಗೆ ಮಾಡಬೇಕು, ಎರಡು ಕೂಗುಗಳ ನಡುವೆ ಬಿಡುವು ಕೊಡಬೇಕು. ಆಗ ಬ್ಯಾಟರಿ ಸಂಜೆಯ ತನಕ ತಡೆಯಬಹುದು. ಆದರೆ ಮೆಲ್ಲಗಿನ ಕೂಗು ಬೀದಿಯ ಆಚೆಗೆ ಮುಟ್ಟುವುದಿಲ್ಲ, ಎರಡು ಗೋಡೆ ದಾಟಿದರೆ ಹೆಚ್ಚು. ಹಾಗಾದರೆ ಇಡೀ ಗುಜರಿ ಪೇಟೆಯನ್ನು ಒಂದೊಂದೇ ಮನೆಯಾಗಿ ನಡೆದೇ ಹುಡುಕಬೇಕು. ಜೋರಾಗಿ ಕೂಗಿಸಿದರೆ ದೂರದಿಂದ ಸಿಕ್ಕರೂ ಸಿಗಬಹುದು, ಇಲ್ಲವೇ ಎರಡು ಟಿಕ್ಕಿಗೆ ಎಲ್ಲ ಮುಗಿಯಬಹುದು. ಅವಳು ಮಾವನ ಮುಖ ನೋಡಿದಳು.

"ನನ್ನನ್ನ ಕೇಳ್ಬೇಡಮ್ಮಾ," ಎಂದರು ಮಾವ. "ನನಗೆ ಡಬ್ಬಿ ಮುಚ್ಚಳದ ವಿಷಯ ಕೇಳು, ಹೇಳ್ತೀನಿ."

ಅವಳು ಮೆಲ್ಲಗಿನ ಕೂಗನ್ನೇ ಆರಿಸಿಕೊಂಡಳು. ಫ್ರಿಜ್ಜಿನೊಳಗಿನ ಡಬ್ಬಿಯ ಮೇಲೆ ಪ್ರಯೋಗ ಮಾಡಿದಳು. ಟಿಕ್ ಎಂದು, ಬಿಡುವು ಕೊಟ್ಟು, ಮತ್ತೆ ಟಿಕ್ ಎಂದಿತು. ನಿಲ್ಲಲಿಲ್ಲ. ಆದೇಶದ ಒಂದೊಂದು ಅಂಕಿಯನ್ನೂ ಮಾವನಿಂದ ಗಟ್ಟಿಯಾಗಿ ಓದಿಸಿ ಸರಿನೋಡಿದಳು. ತಪ್ಪು ಅಂಕಿಯೊಂದು ಹೋದರೆ ಪೆಟ್ಟಿಗೆ ಮತ್ತೆಂದೂ ಏಳದೆ ಇರಬಹುದಿತ್ತು. ಕಳಿಸುವ ಗುಂಡಿ ಒತ್ತಿದ ಮೇಲೆ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡಳು.

ಇನ್ನು ಕಾಯುವುದಷ್ಟೇ. ಮಾವ ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ತಮ್ಮ ಮೆಟ್ಟಿಲಿಂದ ಎದ್ದು ಕಿಟಕಿಗೆ ಬಂದ, ಕಿಟಕಿಯಿಂದ ಮತ್ತೆ ಮೆಟ್ಟಿಲಿಗೆ ಹೋದ. ಹಲಗೆ ಅವನ ಕಾಲಡಿ ಕಿರುಗುಟ್ಟುತ್ತಿತ್ತು. ಪರದೆಯಲ್ಲಿ ಬೇರೆ ಗಿರಾಕಿಗಳ ಪಂಪುಗಳು, ಜನರೇಟರುಗಳು ತಮ್ಮ ಪಾಡಿಗೆ ಎದ್ದು ಸುದ್ದಿ ಹೇಳುತ್ತಿದ್ದವು. ಪ್ರತಿ ಸಲವೂ ಅಕ್ಕ ಪರದೆಯ ಕಡೆ ಬಾಗುತ್ತಿದ್ದಳು. ಆ ಪೆಟ್ಟಿಗೆ ಯಾವುದೋ ಅಂಗಳದಲ್ಲಿದೆ, ಅದರ ಮೇಲೆ ಯಾರೋ ಕೂತಿದ್ದಾರೆ, ಮಕ್ಕಳು ಅದರ ಸುತ್ತ ಆಡುತ್ತಿದ್ದಾರೆ ಎಂದೆಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಕಣ್ಣು ಮುಚ್ಚಿದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಮಧ್ಯಾಹ್ನವಾಗುವ ಹೊತ್ತಿಗೆ ಅಧಿಕಾರಿ ಮತ್ತೆ ಫೋನ್ ಮಾಡಿದರು. ಪೇಟೆಯಲ್ಲಿ ಮೈಕ್ ಹಿಡಿದು ಸಾರಬೇಕೆಂದು ನಿರ್ಧಾರವಾಗಿತ್ತು. ಹಳದಿ ಪೆಟ್ಟಿಗೆ ಕಂಡರೆ ಮುಟ್ಟಬೇಡಿ, ಒಡೆಯಬೇಡಿ, ಪ್ರಾಣಕ್ಕೆ ಅಪಾಯ, ತಂದುಕೊಟ್ಟವರ ಮೇಲೆ ಕೇಸು ಹಾಕುವುದಿಲ್ಲ. ಹೆದರಿ ಯಾರಾದರೂ ಅದನ್ನು ಮೋರಿಗೋ ಕೆರೆಗೋ ಎಸೆದರೆ ಏನು ಗತಿ ಎಂದು ಅಕ್ಕ ಕೇಳಿದಳು. ನೀರಿಗೆ ಬಿದ್ದರೆ ಡಬ್ಬಿಯ ಕೂಗು ಅಲ್ಲಿಗೇ ಮುಳುಗಿಹೋಗುತ್ತದೆ. ಎಸೆದರೆ ಎಸೆಯಲಿ, ಒಡೆಯುವುದಕ್ಕಿಂತ ಅದು ಮೇಲು ಎಂದರು ಅಧಿಕಾರಿ.

ಸಾರುವ ಗಾಡಿ ಎರಡು ಬೀದಿ ಸುತ್ತುವಷ್ಟರಲ್ಲಿ ಪೆಟ್ಟಿಗೆ ಎದ್ದಿತು.

ಪರದೆಯಲ್ಲಿ ಆ ಸಾಲು ಮೂಡಿದಾಗ ಅಕ್ಕ ಕೂತಲ್ಲಿಂದ ಧಡಕ್ಕನೆ ಎದ್ದಳು. ಯಾರೋ ಪೆಟ್ಟಿಗೆಯನ್ನು ಎತ್ತಿದ್ದರು. ಅದೇ ಟವರು, ಈಗಲೂ ಜಾಗ ಇಲ್ಲ. ಆದೇಶ ಹೊರಟಿತು. ಆದರೆ ಆದೇಶ ಸಿಕ್ಕಿತು ಎಂಬ ಮರುತ್ತರ ಬರಲಿಲ್ಲ. ಕಾದರೂ ಬರಲಿಲ್ಲ. ಡಬ್ಬಿ ಕೇಳಿಸಿಕೊಂಡು ಕೂಗುತ್ತಿದೆಯೋ, ಆದೇಶ ದಾರಿಯಲ್ಲೇ ಬಿದ್ದುಹೋಯಿತೋ, ಬ್ಯಾಟರಿಯೇ ಕುಸಿಯಿತೋ, ಇಲ್ಲಿ ಕೂತು ತಿಳಿಯುವ ಉಪಾಯವಿರಲಿಲ್ಲ. ಅವಳು ಎರಡೂ ರಿಸೀವರುಗಳನ್ನು ಚೀಲಕ್ಕೆ ಹಾಕಿಕೊಂಡಳು. ಮೆಟ್ಟಿಲ ಮೇಲೆ ತಮ್ಮ ದಾರಿ ಬಿಡಲು ಸರಿದು ಕೂತ.

"ಎರಡು ರಿಸೀವರಿದೆ, ಒಬ್ಬಳೇ ಹಿಡಿಯೋಕಾಗಲ್ಲ," ಎಂದಳು.

ಅವನು ಎದ್ದು ಹಿಂದೆ ಬಂದ. ಸ್ಕೂಟರಿನಲ್ಲಿ ಹಿಂದೆ ಕೂತವನು ದಾರಿಯುದ್ದಕ್ಕೂ ಅವಳ ಭುಜ ಮುಟ್ಟಲಿಲ್ಲ.

ಗುಜರಿ ಪೇಟೆಯಲ್ಲಿ ಬೀದಿಯೆಂದರೆ ಎರಡು ಕಡೆ ಪೇರಿಸಿದ ಕಬ್ಬಿಣದ ನಡುವಿನ ಸಂದು. ತುಕ್ಕು ಹಿಡಿದ ಬಾಗಿಲು, ಗಾಡಿಗಳ ಬಾನೆಟ್ಟು, ತಂತಿಯ ಸುರುಳಿ, ಚಪ್ಪಟೆಯಾದ ಪೀಪಾಯಿಗಳು. ರೇಡಿಯೋ ಕೂಗು ನುಂಗಲು ಹೇಳಿ ಮಾಡಿಸಿದ ಜಾಗ. ಮೈಕಿನ ಸದ್ದಿಗೆ ಅಂಗಡಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಹಾದಿಯಲ್ಲಿ ಯಾರೋ ಒಬ್ಬ, ನಮ್ಮ ಅಂಗಡಿಯ ಯಜಮಾನನ ಪೆಟ್ಟಿಗೆ ಕಳೆದರೆ ಇಷ್ಟು ಜನ ಹುಡುಕುತ್ತಾರೆಯೇ ಎಂದು ನಗೆಚಾಟಿಕೆ ಮಾಡಿದ. ಅಕ್ಕನಿಗೆ ಅದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅಧಿಕಾರಿ ಕೈಯಲ್ಲಿ ಮೀಟರು ಹಿಡಿದು ಮುಂದೆ, ಅಕ್ಕ ಬೀದಿಯ ಎಡಕ್ಕೆ, ತಮ್ಮ ಬಲಕ್ಕೆ. ಒಂದೊಂದು ಬಾಗಿಲಿನ ಮುಂದೆಯೂ ನಿಂತು ಎರಡು ಕೂಗಿನ ನಡುವಿನ ಬಿಡುವು ಕಳೆಯುವ ತನಕ ಉಸಿರು ಹಿಡಿಯಬೇಕು. ಆ ಬಿಡುವನ್ನು ಇಷ್ಟು ಉದ್ದ ಯಾಕಾದರೂ ಇಟ್ಟೆನೋ ಎಂದು ಅವಳು ತನ್ನನ್ನೇ ಶಪಿಸಿಕೊಂಡಳು.

ಮೊದಲ ಬೀದಿ ಮುಗಿಯಿತು, ಏನೂ ಇಲ್ಲ. ಎರಡನೆಯದರಲ್ಲಿ ಅವಳ ರಿಸೀವರು ಒಮ್ಮೆ ಟಿಕ್ ಎಂದಿತು. ಎಲ್ಲರೂ ನಿಂತರು. ಮತ್ತೆ ಬರಲಿಲ್ಲ. ಯಾವುದೋ ವೆಲ್ಡಿಂಗಿನ ಕಿಡಿಯ ಗದ್ದಲವಿರಬೇಕು. ಬಿಸಿಲು ಇಳಿಯತೊಡಗಿತ್ತು, ಚಳಿ ಏರುತ್ತಿತ್ತು, ಚಳಿ ಏರಿದ ಹಾಗೆಲ್ಲ ಎಲ್ಲೋ ಒಂದು ಬ್ಯಾಟರಿ ಸೊರಗುತ್ತಿರುವುದು ಅವಳಿಗೆ ಮೈಮೇಲೆಯೇ ಗೊತ್ತಾಗುತ್ತಿತ್ತು.

ಮೂರನೆಯ ಬೀದಿಯ ನಡುವೆ ತಮ್ಮ ಕೈ ಎತ್ತಿದ. ಅಕ್ಕ ಓಡಿಹೋಗಿ ಅವನ ರಿಸೀವರಿಗೆ ಕಿವಿ ಕೊಟ್ಟಳು. ಟಿಕ್. ಬಿಡುವು. ಟಿಕ್. ಕ್ಷೀಣವಾಗಿತ್ತು, ಆದರೆ ಅವಳು ಕೊಟ್ಟ ಲಯವೇ ಅದು. ಎದುರಿನ ಅಂಗಡಿ ಅರ್ಧ ಮುಚ್ಚಿತ್ತು, ಒಳಗೆ ಯಾರೂ ಇರಲಿಲ್ಲ. ಕೂಗು ಅಂಗಡಿಯೊಳಗೆ ಕಡಿಮೆಯಾಗಿ, ಪಕ್ಕದ ಸಂದಿಯಲ್ಲಿ ಜೋರಾಯಿತು. ಸಂದಿಯ ಕೊನೆಗೆ ಅಂಗಡಿಗೆ ಅಂಟಿಕೊಂಡ ಒಂದು ಕೋಣೆ. ಬಾಗಿಲು ತೆರೆದಿತ್ತು. ಒಳಗೆ ಮಂಚದ ಮೇಲೆ ಕಂಬಳಿ ಹೊದ್ದು ಕೂತಿದ್ದ ಮುದುಕಿ ಇವರನ್ನು ನೋಡಿ, ಯಾರು ಬೇಕಪ್ಪಾ ಎಂದರು. ಮಂಚದ ಕೆಳಗೆ, ಹಳೆಯ ಗೋಣಿಯ ಅಂಚಿನಿಂದ ಹಳದಿ ಬಣ್ಣ ಇಣುಕುತ್ತಿತ್ತು.

ಅಕ್ಕ ಹೊಸ್ತಿಲಿಗೆ ಕಾಲಿಟ್ಟಳು. ತಮ್ಮ ಅವಳ ತೋಳು ಹಿಡಿದು ಹಿಂದಕ್ಕೆ ಎಳೆದ.

"ನೀನು ಒಳಗೆ ಬರ್ಬೇಡ ಅಕ್ಕಾ. ಅಲ್ಲೇ ನಿಂತ್ಕೋ."

ಅವಳು ಅಧಿಕಾರಿಗೆ ಫೋನ್ ಮಾಡಿದ ಮೇಲೆ ಅವನು ಅವಳಿಗೆ ಆಡಿದ ಮೊದಲ ಮಾತು ಅದು. ಅಧಿಕಾರಿಯ ಕೈಯಿಂದ ಮೀಟರು ಇಸಿದುಕೊಂಡು ಅವನೇ ಒಳಗೆ ಹೋದ. ಕುಕ್ಕರಗಾಲಲ್ಲಿ ಕೂತು ಮೀಟರನ್ನು ಗೋಣಿಯ ಕಡೆ ಚಾಚಿದ. ಅವನ ಬೆನ್ನು ಕಾಣುತ್ತಿತ್ತು, ಮೀಟರಿನ ಮುಳ್ಳು ಕಾಣುತ್ತಿರಲಿಲ್ಲ. ಆ ಬೆನ್ನು ಅಲುಗಾಡುವುದನ್ನೇ ಕಾಯುತ್ತಾ ಅಕ್ಕ ಹೊಸ್ತಿಲಾಚೆ ನಿಂತಳು. ಕೊನೆಗೆ ಅವನು ಗೋಣಿ ಸರಿಸಿದ. ಬೀಗದ ಸುತ್ತ ಉಳಿಯ ಗಾಯಗಳಿದ್ದವು, ಹಳದಿ ಬಣ್ಣ ಎದ್ದು ಕಬ್ಬಿಣ ಹೊಳೆಯುತ್ತಿತ್ತು. ಬೀಗ ತೆರೆದಿರಲಿಲ್ಲ.

"ಮುಚ್ಚಿದೆ," ಎಂದ ತಮ್ಮ. "ಮುಳ್ಳು ಏಳ್ತಿಲ್ಲ."

ಅಧಿಕಾರಿ ಗೋಡೆಗೆ ಒರಗಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ತಮ್ಮ ಮುದುಕಿಯ ಹತ್ತಿರ ಹೋಗಿ, ಅಜ್ಜೀ, ಸ್ವಲ್ಪ ಹೊತ್ತು ಹೊರಗೆ ಕೂತ್ಕೊಳ್ಳಿ ಎಂದು ಕೇಳಿಕೊಂಡ. ಮಂಡಿ ನೋವು, ಏಳಲಾರೆ ಎಂದರು ಮುದುಕಿ. ಅವನು ಕಂಬಳಿ ಸಮೇತ ಅವರನ್ನು ಎತ್ತಿಕೊಂಡು ಬಂದು ಸಂದಿಯ ಕಲ್ಲಿನ ಮೇಲೆ ಕೂರಿಸಿದ. ತನ್ನ ಮಗ ಏನು ಮಾಡಿದನೆಂದು ಅವರು ಕೇಳುತ್ತಲೇ ಇದ್ದರು.

ಆ ಗುಜರಿ ಅಂಗಡಿಯವನೇ ಅವರ ಮಗ, ಹಿಂದಿನ ಅಂಗಳದಲ್ಲಿ ಅಡಗಿದ್ದವನು ತಾನಾಗಿ ಬಂದ. ಬೆಳಿಗ್ಗೆ ಯಾರೋ ಗುರುತಿಲ್ಲದ ಇಬ್ಬರು ಬಂದು ತೂಕಕ್ಕೆ ಹಾಕಿ ಹೋದದ್ದಂತೆ. ಅವರು ಹೋದ ಕೂಡಲೇ ಬೀಗಕ್ಕೆ ನಾಲ್ಕು ಪೆಟ್ಟು ಹಾಕಿ, ಊಟವಾದ ಮೇಲೆ ನೋಡೋಣ ಎಂದು ಬಿಟ್ಟಿದ್ದನಂತೆ. ಮೈಕಿನ ಸಾರುವಿಕೆ ಕೇಳಿದಾಗ ಕೇಸು ಹಾಕುವುದಿಲ್ಲ ಎಂಬ ಮಾತನ್ನು ನಂಬುವ ಧೈರ್ಯ ಅವನಿಗೆ ಬರಲಿಲ್ಲ. ಪೊಲೀಸರು ಅಮ್ಮನ ಮಂಚದ ಕೆಳಗೆ ನೋಡಲಾರರು ಎಂದು ತಂದಿಟ್ಟ. ಹಾಗೆ ಅವನು ಎತ್ತಿ ತಂದದ್ದಕ್ಕೇ ಪೆಟ್ಟಿಗೆ ಎದ್ದಿತು. ಊಟದ ಮೊದಲು ಅವನು ಇನ್ನಷ್ಟು ಪೆಟ್ಟು ಹಾಕಿದ್ದರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಕ್ಕ ಸಂದಿಯ ಆಚೆ ಹೋಗಿ, ಪೀಪಾಯಿಯೊಂದರ ಮೇಲೆ ಕೂತು ರಿಸೀವರನ್ನು ಆರಿಸಿದಳು.

ಮುದುಕಿಯನ್ನೂ ಮಗನನ್ನೂ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದರು, ಇಬ್ಬರಿಗೂ ಏನೂ ಆಗಿರಲಿಲ್ಲ. ಕಳ್ಳರು ಸಿಗಲಿಲ್ಲ. ಕಂಪನಿಯವರು ಅಕ್ಕನಿಗೆ ಮೆಚ್ಚುಗೆಯ ಮಾತು ಹೇಳಿ, ಉಳಿದ ಪೆಟ್ಟಿಗೆಗಳಿಗೂ ಅದೇ ಡಬ್ಬಿ ಬೇಕೆಂದರು. ಅವಳು ಒಪ್ಪಲಿಲ್ಲ. ಪೆಟ್ಟಿಗೆಯನ್ನು ಸರಪಳಿಯಿಂದ ಬಿಡಿಸಿದ ಕೂಡಲೇ ಎಚ್ಚರವಾಗುವ ಹಾಗೆ ಮತ್ತೆ ಮೊದಲಿನಿಂದ ಕೂತಳು. ಬ್ಯಾಟರಿ ಐದು ವರ್ಷ ಬರುವುದಿಲ್ಲ, ಎರಡೇ ವರ್ಷ, ಮುಚ್ಚಳ ಬಿಚ್ಚುವ ಅನುಮತಿಯ ತಲೆನೋವು ನಿಮ್ಮದು ಎಂದು ಸ್ಪಷ್ಟವಾಗಿ ಹೇಳಿದಳು. ಅವರು ಬಹಳ ದಿನ ಎಳೆದಾಡಿ ಕೊನೆಗೆ ಒಪ್ಪಿದರು. ಆ ತಿಂಗಳುಗಳಲ್ಲಿ ಅವಳು ಎಷ್ಟೋ ಸಲ ನಿದ್ದೆಯಿಂದ ಎದ್ದು ಕೂತು, ಟಿಕ್ ಎಂಬ ಸದ್ದಿಗಾಗಿ ಕಿವಿ ನಿಮಿರಿಸುತ್ತಿದ್ದಳು.

ತಮ್ಮನ ಮೇಲೆ ವಿಚಾರಣೆ ನಡೆಯಿತು. ಅಕ್ಕನನ್ನೂ ಸಾಕ್ಷಿಗೆ ಕರೆದಿದ್ದರು. ಒಳಗೆ ಹೋಗುವ ಮೊದಲು ಹೊರಗಿನ ಬೆಂಚಿನ ಮೇಲೆ ಇಬ್ಬರೂ ಪಕ್ಕಪಕ್ಕದಲ್ಲೇ ಕೂತಿದ್ದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ, ಕಾಲರಿನ ಗುಂಡಿ ಕತ್ತು ಹಿಸುಕುತ್ತಿತ್ತು. ಕದ ತೆರೆದು ಅವಳನ್ನು ಕರೆದಾಗ ಅವನು ನೆಲ ನೋಡುತ್ತಲೇ, "ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡು," ಎಂದ. ಒಳಗೆ ಮೂವರು ಕೂತಿದ್ದರು. ಅವರು ಕೇಳಿದ್ದಕ್ಕೆಲ್ಲ ಅವಳು ಹೇಳಿದಳು, ಫೋನ್ ಮಾಡುವುದು ಬೇಡ ಎಂದು ಅವನು ತಡೆದನೇ ಎಂದು ಕೇಳಿದ್ದಕ್ಕೂ. ಆ ಉತ್ತರ ಹೇಳುವ ಮೊದಲು ಒಂದು ಲೋಟ ನೀರು ಕೇಳಿದಳು. ಪೆಟ್ಟಿಗೆ ಸಿಕ್ಕಾಗ ಒಳಗೆ ಮೊದಲು ಹೋದವನು ಅವನೇ ಎಂಬುದನ್ನು ಯಾರೂ ಕೇಳದಿದ್ದರೂ ಹೇಳಿದಳು. ಒಂದು ವರ್ಷ ಲೈಸೆನ್ಸ್ ಅಮಾನತು ಎಂದು ತೀರ್ಪಾಯಿತು. ಕೆಲಸದಿಂದ ತೆಗೆಯಲಿಲ್ಲ, ಅಂಗಳದಲ್ಲಿ ಸಾಮಾನು ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು.

ಹಿಂದಿರುಗುವಾಗ ಅವನು ಅವಳ ಸ್ಕೂಟರಿನಲ್ಲೇ ಬಂದ. ಬಸ್ಸಿಗೆ ಹೋಗುತ್ತೇನೆ ಎನ್ನಬಹುದು ಎಂದು ಅವಳು ಹೆದರಿದ್ದಳು. ದೊಡ್ಡ ರಸ್ತೆಯ ಸಿಗ್ನಲಿನಲ್ಲಿ ನಿಂತಾಗ ಅವನು ಕೇಳಿದ.

"ನಾನು ಬೇಡ ಅಂದಿದ್ದನ್ನ ಅವರಿಗೆ ಹೇಳಿದ್ಯಾ?"

"ಕೇಳಿದ್ರು. ಹೇಳಿದೆ."

ದೀಪ ಹಸಿರಾಯಿತು. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು, ಅವಳು ಮುಂದೆ ಸಾಗಿದಳು. ಅವನ ಮುಖ ಕನ್ನಡಿಯಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು, ಅದರಿಂದ ಏನೂ ತಿಳಿಯುವಂತಿರಲಿಲ್ಲ. ಮನೆಯ ತಿರುವಿನಲ್ಲಿ ಗುಂಡಿಯೊಂದಕ್ಕೆ ಚಕ್ರ ಇಳಿದು ಸ್ಕೂಟರು ಎಗರಿದಾಗ 'ನಿಧಾನ' ಎನ್ನುತ್ತಾ ಅವಳ ಭುಜ ಹಿಡಿದುಕೊಂಡ.

"ಅಮ್ಮಂಗೆ ನಾನೇ ಹೇಳ್ತೀನಿ," ಎಂದ. "ನೀನು ಮಧ್ಯೆ ಬಾಯಿ ಹಾಕ್ಬೇಡ."

ಹಾಕುವುದಿಲ್ಲ ಎಂದು ಅವಳು ಒಪ್ಪಿಕೊಂಡಳು. ಗೇಟಿನ ಮುಂದೆ ಸ್ಕೂಟರು ನಿಲ್ಲಿಸಿ, ಅವನು ಇಳಿದು ಒಳಗೆ ಹೋಗುವುದನ್ನು ನೋಡುತ್ತಾ ನಿಂತಳು.